ಔಷಧಿ ಅಂಗಡಿಯಲ್ಲಿ ಗ್ರಾಹಕ



ಮನೆಯಲ್ಲಿ ಯಾರಿಗಾದರೂ ಜ್ವರ ಬಂದಾಗ, ಅಜ್ಜಿಯ ರಕ್ತದೊತ್ತಡದ ಮಾತ್ರೆ ಮುಗಿದಾಗ, ತಂದೆಯ ಸಕ್ಕರೆ ಕಾಯಿಲೆಯ ಔಷಧಿ ತರಬೇಕಾದಾಗ ಚೀಟಿ ಹಿಡಿದು ಅಂಗಡಿಗೆ ಓಡುವವರು ಯಾರು? ಬಹಳಷ್ಟು ಮನೆಗಳಲ್ಲಿ ನೀವೇ. ಶಾಲೆಯಿಂದಲೋ ಕಾಲೇಜಿನಿಂದಲೋ ಬರುವ ದಾರಿಯಲ್ಲಿ ಔಷಧಿ ಅಂಗಡಿ ಇರುತ್ತದೆ. ಇಂಗ್ಲಿಷ್ ಅಕ್ಷರ ಓದಲು ನಿಮಗೆ ಬರುತ್ತದೆ. ಹೀಗಾಗಿ ಹಿರಿಯರು ಈ ಕೆಲಸವನ್ನು ನಿಮಗೆ ವಹಿಸುತ್ತಾರೆ. ಮನೆಯ ಔಷಧಿ ಖರೀದಿಯ ಜವಾಬ್ದಾರಿ ನಿಮಗೆ ಅರಿವಿಲ್ಲದೆಯೇ ನಿಮ್ಮ ಹೆಗಲಿಗೆ ಬಂದಿದೆ. ಆದ್ದರಿಂದ ಇಂದು ಔಷಧಿ ಅಂಗಡಿಯ ಕೌಂಟರಿನ ಮುಂದೆ ನಿಂತ ಗ್ರಾಹಕನ ಕುರಿತು ನಾವು ಸ್ವಲ್ಪ ವಿಚಾರ ಮಾಡೋಣ.

ಬೇರೆ ಅಂಗಡಿಗೂ ಔಷಧಿ ಅಂಗಡಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಬದನೆಕಾಯಿ ಕೊಳ್ಳುವಾಗ ನಾವು ಹಿಡಿದು, ಒತ್ತಿ ನೋಡುತ್ತೇವೆ. ಹುಳುಕಿದ್ದರೆ ಬದಿಗಿಡುತ್ತೇವೆ. ಸೀರೆ ಕೊಳ್ಳುವಾಗ ನಾಲ್ಕು ಅಂಗಡಿ ಸುತ್ತಿ ಚೌಕಾಸಿ ಮಾಡುತ್ತೇವೆ. ಇಷ್ಟವಾಗದಿದ್ದರೆ ಕೊಳ್ಳದೆ ಹಿಂತಿರುಗುತ್ತೇವೆ. ಔಷಧಿಯ ವಿಷಯದಲ್ಲಿ ಇದಾವುದೂ ನಡೆಯುವುದಿಲ್ಲ. ಯಾವ ಔಷಧಿ ಬೇಕೆಂದು ತೀರ್ಮಾನಿಸುವವರು ವೈದ್ಯರು, ಅದನ್ನು ಎತ್ತಿಕೊಡುವವರು ಅಂಗಡಿಯವರು, ಹಣ ಕೊಡುವವರು ತಂದೆ, ನುಂಗುವವರು ಅಜ್ಜಿ. ಮಾತ್ರೆಯನ್ನು ಎಷ್ಟು ತಿರುಗಿಸಿ ನೋಡಿದರೂ ಅದು ಒಳ್ಳೆಯದೋ ಕೆಟ್ಟದ್ದೋ ಕಣ್ಣಿಗೆ ತಿಳಿಯುವುದಿಲ್ಲ. ಮನೆಯಲ್ಲಿ ರೋಗಿ ನರಳುತ್ತಿರುವಾಗ ಚೌಕಾಸಿಗೆ ಮನಸ್ಸೂ ಬಾರದು. ಇಷ್ಟು ಅಸಹಾಯಕನಾದ ಗ್ರಾಹಕ ಪೇಟೆಯ ಬೇರೆ ಯಾವ ಅಂಗಡಿಯಲ್ಲಿಯೂ ಸಿಗಲಾರ. ಅವನ ಕೈಯಲ್ಲಿ ಉಳಿಯುವ ಸಾಧನ ಒಂದೇ. ಅದು ಪ್ರಶ್ನೆ. "ಬಾಯಿದ್ದವನು ಬರಗಾಲದಲ್ಲೂ ಬದುಕಿದ" ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ.

ನಮ್ಮ ಊರುಗಳಲ್ಲಿ ಔಷಧಿ ಅಂಗಡಿ ಬೆಳೆದು ಬಂದ ಬಗೆಯನ್ನು ಸ್ವಲ್ಪ ನೋಡೋಣ. ಮೊದಲು ಇದ್ದದ್ದು ಗ್ರಂಧಿಗೆ ಅಂಗಡಿ. ಶುಂಠಿ, ಹಿಪ್ಪಲಿ, ಅಳಲೆಕಾಯಿ, ಜ್ಯೇಷ್ಠಮಧು ಎಲ್ಲವೂ ಅಲ್ಲಿ ಸಿಗುತ್ತಿದ್ದವು. ಈ ಅಂಗಡಿಗಳು ಹಳೆಯ ಪೇಟೆ ಬೀದಿಗಳಲ್ಲಿ ಇಂದಿಗೂ ಇವೆ. ಆಮೇಲೆ ಇಂಗ್ಲಿಷ್ ಔಷಧಿ ಬಂದಿತು. ಸರ್ಕಾರಿ ಆಸ್ಪತ್ರೆಗೆ ಮನೆಯಿಂದಲೇ ಸೀಸೆ ಒಯ್ಯುವ ಕಾಲವೊಂದಿತ್ತು. ಕಾಂಪೌಂಡರ್ ಅದಕ್ಕೆ ಮಿಕ್ಸ್ಚರ್ ತುಂಬಿ, ಹೊರಗೆ ಕಚ್ಚು ಕಚ್ಚಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ, "ಒಂದು ಗೆರೆ ಬೆಳಿಗ್ಗೆ, ಒಂದು ಗೆರೆ ರಾತ್ರಿ" ಎಂದು ಹೇಳಿ ಕಳಿಸುತ್ತಿದ್ದ. ಓದು ಬಾರದವರಿಗೂ ಆ ಕಾಗದದ ಗೆರೆ ಅರ್ಥವಾಗುತ್ತಿತ್ತು. ಔಷಧಿ ಕೊಡುವುದೆಂದರೆ ಅದನ್ನು ಸೇವಿಸುವ ಕ್ರಮವನ್ನೂ ತಿಳಿಸಿ ಕೊಡುವುದು ಎಂಬ ಪಾಠ ಆ ಪುಟ್ಟ ಕಾಗದದಲ್ಲಿ ಇತ್ತು.

ಮಾರುಕಟ್ಟೆಗೆ ಬರುತ್ತಿದ್ದ ಔಷಧಿಗಳ ಗುಣಮಟ್ಟದ ಬಗ್ಗೆ ದೂರುಗಳು ಹೆಚ್ಚಿದಾಗ, 1930ರಲ್ಲಿ ಅಂದಿನ ಭಾರತ ಸರ್ಕಾರ ಕರ್ನಲ್ ಆರ್. ಎನ್. ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿಯೊಂದನ್ನು ನೇಮಿಸಿತು. ಆ ಸಮಿತಿಯ ಶಿಫಾರಸಿನ ಫಲವಾಗಿ 1940ರಲ್ಲಿ ಔಷಧಿಗಳ ಕಾಯಿದೆ, 1945ರಲ್ಲಿ ಅದರ ನಿಯಮಗಳು ಬಂದವು. ಸ್ವಾತಂತ್ರ್ಯಾನಂತರ 1948ರಲ್ಲಿ ಫಾರ್ಮಸಿ ಕಾಯಿದೆ ಬಂದು, ಔಷಧಿ ವಿತರಣೆಗೆ ತರಬೇತಿ ಮತ್ತು ನೋಂದಣಿ ಬೇಕೆಂದಾಯಿತು. ಚೀಟಿಯ ಮೇಲೆ ಕೊಡಬೇಕಾದ ಔಷಧಿಯನ್ನು ನೋಂದಾಯಿತ ಫಾರ್ಮಸಿಸ್ಟರ ಮೇಲ್ವಿಚಾರಣೆಯಲ್ಲಿಯೇ ಕೊಡಬೇಕು ಎಂಬುದು ನಿಯಮ.

ಈಚಿನ ದಶಕಗಳಲ್ಲಿ ಇನ್ನೊಂದು ಬದಲಾವಣೆ ಕಂಡಿದ್ದೇವೆ. ಒಂದೇ ಹೆಸರಿನಡಿ ನೂರಾರು ಶಾಖೆಗಳಿರುವ ಸರಣಿ ಅಂಗಡಿಗಳು ಬಂದಿವೆ. ಚೆನ್ನೈ ಮೂಲದ ಅಪೊಲೊ, 2006ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಮೆಡ್‌ಪ್ಲಸ್ ಮೊದಲಾದವುಗಳ ಫಲಕ ಬೆಂಗಳೂರಿನ ಬಡಾವಣೆಗಳಲ್ಲಷ್ಟೇ ಅಲ್ಲ, ಜಿಲ್ಲಾ ಕೇಂದ್ರಗಳಲ್ಲಿಯೂ ಕಾಣುತ್ತವೆ. ಹವಾನಿಯಂತ್ರಿತ ಕೋಣೆ, ಕಂಪ್ಯೂಟರ್ ಬಿಲ್ಲು, ಸಮವಸ್ತ್ರ ತೊಟ್ಟ ನೌಕರರು, ಬಿಲ್ಲಿನ ಮೇಲೆ ರಿಯಾಯಿತಿ, ಫೋನ್ ಮಾಡಿದರೆ ಮನೆ ಬಾಗಿಲಿಗೆ ಔಷಧಿ. ಇವೆಲ್ಲ ಗ್ರಾಹಕನಿಗೆ ಅನುಕೂಲವೇ. ಕೇಳದೆಯೇ ಬಿಲ್ಲು ಕೈಗೆ ಬರುವುದು ಸಣ್ಣ ಲಾಭವಲ್ಲ.

ಆದರೆ ಬೀದಿಯ ಹಳೆಯ ಮೆಡಿಕಲ್ ಶಾಪಿನವರಿಗೆ ನಿಮ್ಮ ಮನೆಯವರೆಲ್ಲ ಗೊತ್ತು. "ಏನಪ್ಪಾ, ನಿಮ್ಮಜ್ಜಿಗೆ ಈ ಮಾತ್ರೆ ಆಗಿ ಬರಲ್ಲ ಅಂತ ಹೋದ ಸಲ ಹೇಳಿದ್ದೆಯಲ್ಲ?" ಎಂದು ನೆನಪಿಟ್ಟು ಕೇಳುವವರು ಅವರು. ತಿಂಗಳ ಕೊನೆಯಲ್ಲಿ ಖಾತೆ ಬರೆದುಕೊಂಡು ಔಷಧಿ ಕೊಡುವವರು, ರಾತ್ರಿ ಹನ್ನೊಂದಕ್ಕೆ ಬಾಗಿಲು ತಟ್ಟಿದರೆ ಎದ್ದು ಬರುವವರೂ ಅವರೇ. ಸರಣಿ ಅಂಗಡಿಯಲ್ಲಿ ನೌಕರರು ಬದಲಾಗುತ್ತಿರುತ್ತಾರೆ. ಅಲ್ಲಿ ನೆನಪಿಡುವುದು ಕಂಪ್ಯೂಟರ್, ಅದೂ ನೀವು ಏನು ಕೊಂಡಿರೆಂಬುದನ್ನು ಮಾತ್ರ. ಯಾವ ಅಂಗಡಿ ಮೇಲು ಎಂದು ತೀರ್ಪು ಕೊಡುವುದು ಈ ಭಾಷಣದ ಉದ್ದೇಶವಲ್ಲ. ಫಲಕ ದೊಡ್ಡದಿರಲಿ, ಚಿಕ್ಕದಿರಲಿ, ಕೌಂಟರಿನ ಆಚೆ ನಿಂತವರು ಓದಿ, ಯೋಚಿಸಿ, ತಿಳಿಸಿ ಕೊಡುತ್ತಾರೆಯೇ ಎಂಬುದೇ ಅಳತೆಗೋಲು.

ಇದೇಕೆ ಮುಖ್ಯ? ವೈದ್ಯರ ಲೇಖನಿಯಿಂದ ರೋಗಿಯ ಬಾಯಿಗೆ ಹೋಗುವ ದಾರಿಯಲ್ಲಿ ತಪ್ಪು ಸಿಕ್ಕಿಬೀಳಬಹುದಾದ ಕೊನೆಯ ಠಾಣೆ ಈ ಕೌಂಟರು. ಔಷಧಿಗಳ ಹೆಸರುಗಳು ಒಂದನ್ನೊಂದು ಹೋಲುತ್ತವೆ. ಹೈಡ್ರಾಲಜೀನ್ ಎಂಬುದು ರಕ್ತದೊತ್ತಡದ ಔಷಧಿ, ಹೈಡ್ರಾಕ್ಸಿಜೀನ್ ಎಂಬುದು ತುರಿಕೆ, ಅಲರ್ಜಿಗೆ ಕೊಡುವಂಥದ್ದು. ಅವಸರದ ಬರಹದಲ್ಲಿ ಒಂದು ಇನ್ನೊಂದಾಗಲು ಎಷ್ಟು ಹೊತ್ತು ಬೇಕು? ನಮ್ಮ ಸರ್ವೋಚ್ಚ ನ್ಯಾಯಾಲಯ 2001ರಲ್ಲಿ ಇಂಥದೇ ಒಂದು ಮೊಕದ್ದಮೆಯನ್ನು ವಿಚಾರಿಸಿತು. ಫಾಲ್ಸಿಗೊ, ಫಾಲ್ಸಿಟ್ಯಾಬ್ ಎಂಬ ಎರಡು ಹೆಸರುಗಳು. ಎರಡೂ ಮಾರಕ ಮಲೇರಿಯಾಕ್ಕೆ ಕೊಡುವ ಔಷಧಿಗಳು, ಆದರೆ ಒಳಗಿನ ದ್ರವ್ಯ ಬೇರೆ ಬೇರೆ. ಬೇರೆ ಸರಕಿನ ಹೆಸರಿನಲ್ಲಿ ಗೊಂದಲವಾದರೆ ಹಣ ಹೋದೀತು, ಔಷಧಿಯ ಹೆಸರಿನಲ್ಲಿ ಗೊಂದಲವಾದರೆ ಜೀವಕ್ಕೇ ಅಪಾಯ, ಆದ್ದರಿಂದ ಇಲ್ಲಿ ಹೆಚ್ಚು ಕಟ್ಟುನಿಟ್ಟು ಬೇಕು ಎಂಬುದು ನ್ಯಾಯಾಲಯದ ಅಭಿಪ್ರಾಯದ ಸಾರ. ವೈದ್ಯರು ಔಷಧಿಯ ಮೂಲ ಹೆಸರನ್ನು ಸ್ಪಷ್ಟವಾಗಿ, ಸಾಧ್ಯವಾದಷ್ಟು ದೊಡ್ಡ ಅಕ್ಷರಗಳಲ್ಲಿ ಬರೆಯಬೇಕೆಂದು 2016ರಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತು ಸೂಚಿಸಿತು.

ಹಾಗಾದರೆ ನೀವು ಮಾಡಬೇಕಾದದ್ದು ಏನು? ವೈದ್ಯರ ಕೋಣೆಯಿಂದ ಹೊರಡುವ ಮೊದಲೇ ಚೀಟಿಯನ್ನು ಒಮ್ಮೆ ಓದಿ. ಓದಲು ಆಗದಿದ್ದರೆ ಅಲ್ಲಿಯೇ ಕೇಳಿ. ಅಂಗಡಿಯಲ್ಲಿ ಪ್ರತಿ ಪಟ್ಟಿಯನ್ನೂ ಚೀಟಿಯ ಪಕ್ಕದಲ್ಲಿಟ್ಟು ಹೆಸರನ್ನು ಅಕ್ಷರ ಅಕ್ಷರವಾಗಿ ಹೋಲಿಸಿ. ಹೆಸರಿನ ಪಕ್ಕದ ಅಂಕಿಯನ್ನೂ ನೋಡಿ. ಐದು ಮಿಲಿಗ್ರಾಂ ಬರೆದ ಕಡೆ ಹತ್ತು ಮಿಲಿಗ್ರಾಮಿನ ಮಾತ್ರೆ ಬಂದರೆ ಹೆಸರು ಸರಿಯಾಗಿದ್ದೂ ಔಷಧಿ ತಪ್ಪು. ಚೀಟಿಯಲ್ಲಿರುವ 1-0-1 ಎಂಬ ಗುರುತಿಗೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು ಎಂದು ಅರ್ಥ. ಊಟಕ್ಕೆ ಮೊದಲೋ ಅನಂತರವೋ ಎಂಬುದನ್ನೂ ಕೇಳಿ, ಕವರಿನ ಮೇಲೆ ಕನ್ನಡದಲ್ಲಿ ಬರೆಸಿಕೊಳ್ಳಿ. ಅವರು ಬರೆಯದಿದ್ದರೆ ನೀವೇ ಬರೆಯಿರಿ. ಮನೆಯಲ್ಲಿ ಅದನ್ನು ಓದಬೇಕಾದವರು ಅಜ್ಜಿ.

ಅಂಗಡಿಯಲ್ಲಿ ಪದೇ ಪದೇ ಕೇಳಿಬರುವ ಮಾತು ಇನ್ನೊಂದಿದೆ. "ಇದು ಸ್ಟಾಕ್ ಇಲ್ಲ, ಇದೇ ಥರದ್ದು ಬೇರೆ ಕಂಪನಿದು ಇದೆ, ಕೊಡಲಾ?" ನಾವು ತಲೆಯಾಡಿಸುತ್ತೇವೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ಎಚ್, ಎಚ್1 ಮತ್ತು ಎಕ್ಸ್ ಎಂಬ ಅನುಸೂಚಿಗಳಿಗೆ ಸೇರಿದ ಔಷಧಿಯನ್ನು ಚೀಟಿಯಲ್ಲಿ ಬರೆದಿದ್ದರೆ, ಅದರ ಬದಲು ಬೇರೊಂದು ತಯಾರಿಕೆಯನ್ನು ಅಂಗಡಿಯವರು ತಾವಾಗಿ ಕೊಡುವಂತಿಲ್ಲ. ಒಳಗಿನ ದ್ರವ್ಯ ಒಂದೇ ಆಗಿದ್ದರೂ ಕೊಡುವಂತಿಲ್ಲ. 1945ರ ನಿಯಮಗಳು ಹೇಳುವುದು ಹೀಗೆ. ಆದ್ದರಿಂದ "ವೈದ್ಯರನ್ನು ಒಂದು ಮಾತು ಕೇಳಿ ಬರುತ್ತೇನೆ" ಎಂದು ಹೇಳಲು ಸಂಕೋಚ ಬೇಡ. ಈಗ ಎಲ್ಲರ ಕೈಯಲ್ಲಿಯೂ ಫೋನಿದೆ, ಎರಡು ನಿಮಿಷದ ಕೆಲಸ. ಕೆಲವು ಸರಣಿ ಅಂಗಡಿಗಳು ತಮ್ಮದೇ ಹೆಸರಿನ ಮಾತ್ರೆಗಳನ್ನೂ ಮಾರುತ್ತವೆ. ಅವು ಅಗ್ಗವಾಗಿರಬಹುದು, ಒಳ್ಳೆಯವೂ ಆಗಿರಬಹುದು. ಆದರೆ ಬದಲಾವಣೆಗೆ ಒಪ್ಪಿಗೆ ಬರಬೇಕಾದದ್ದು ವೈದ್ಯರಿಂದ.

ಅಗ್ಗದ ಮಾತು ಬಂದದ್ದರಿಂದ ಔಷಧಿಯ ಎರಡು ಹೆಸರುಗಳ ವಿಷಯ ಹೇಳಬೇಕು. ಒಂದು ಮೂಲ ಹೆಸರು, ಅಂದರೆ ಒಳಗಿನ ದ್ರವ್ಯದ ಹೆಸರು. ಇನ್ನೊಂದು ಕಂಪನಿ ಇಟ್ಟ ಮಾರಾಟದ ಹೆಸರು. ಪ್ಯಾರಸಿಟಮಾಲ್ ಎಂಬುದು ಮೂಲ ಹೆಸರು. ಕ್ರೋಸಿನ್, ಕ್ಯಾಲ್‌ಪಾಲ್, ನಮ್ಮ ಬೆಂಗಳೂರಿನ ಮೈಕ್ರೋ ಲ್ಯಾಬ್ಸ್ ಸಂಸ್ಥೆಯ ಡೋಲೊ, ಇವು ಮಾರಾಟದ ಹೆಸರುಗಳು. ಒಂದೇ ಕೂಸಿಗೆ ಮನೆ ಮನೆಯಲ್ಲೂ ಬೇರೆ ಬೇರೆ ಹೆಸರಿಟ್ಟು ಕರೆದಂತೆ. ಮೂಲ ಹೆಸರಿನಲ್ಲಿಯೇ ಕಡಿಮೆ ಬೆಲೆಗೆ ಔಷಧಿ ಮಾರುವ ಜನೌಷಧಿ ಯೋಜನೆ 2008ರಲ್ಲಿ ಅಮೃತಸರದ ಅಂಗಡಿಯೊಂದಿಗೆ ಆರಂಭವಾಯಿತು. 2025ರ ಆರಂಭದ ಹೊತ್ತಿಗೆ ದೇಶದಲ್ಲಿ ಇಂಥ ಕೇಂದ್ರಗಳ ಸಂಖ್ಯೆ 15,000 ಮುಟ್ಟಿತ್ತು. ಕರ್ನಾಟಕದ ಪಟ್ಟಣಗಳಲ್ಲಿಯೂ ಇವೆ. ಪ್ರತಿದಿನ, ಜೀವನಪರ್ಯಂತ ಮಾತ್ರೆ ನುಂಗಬೇಕಾದ ಸಕ್ಕರೆ ಕಾಯಿಲೆ, ರಕ್ತದೊತ್ತಡದವರಿಗೆ ತಿಂಗಳ ಖರ್ಚು ಅರ್ಧಕ್ಕಿಂತ ಕೆಳಗೆ ಇಳಿಯಬಹುದು. ಅದಕ್ಕೆ ನೀವು ವೈದ್ಯರಲ್ಲಿ ಕೇಳಬೇಕಾದದ್ದು ಇಷ್ಟೇ: "ಸಾರ್, ಮೂಲ ಹೆಸರಿನಲ್ಲಿ ಬರೆದುಕೊಡುತ್ತೀರಾ?"

ಈ ಎರಡು ಹೆಸರುಗಳ ಜ್ಞಾನ ಹಣವನ್ನಷ್ಟೇ ಉಳಿಸುವುದಿಲ್ಲ. ಒಂದು ಸಂದರ್ಭ ಊಹಿಸಿಕೊಳ್ಳಿ. ಮನೆಯಲ್ಲಿ ಜ್ವರಕ್ಕೆಂದು ಪ್ಯಾರಸಿಟಮಾಲ್ ಮಾತ್ರೆ ನುಂಗುತ್ತಿದ್ದಾರೆ. ನೆಗಡಿಯೂ ಇದೆಯೆಂದು ಅಂಗಡಿಯಲ್ಲಿ ಕೇಳಿ ಇನ್ನೊಂದು ಮಾತ್ರೆ ತರುತ್ತಾರೆ. ಹೆಸರು ಬೇರೆ, ಬಣ್ಣ ಬೇರೆ. ಆದರೆ ಬಹಳಷ್ಟು ನೆಗಡಿ ಮಾತ್ರೆಗಳೊಳಗೆ ಪ್ಯಾರಸಿಟಮಾಲ್ ಇದ್ದೇ ಇರುತ್ತದೆ. ರೋಗಿ ಅರಿಯದೆಯೇ ಎರಡು ಪಟ್ಟು ನುಂಗುತ್ತಾನೆ. ಆರೋಗ್ಯವಂತ ವಯಸ್ಕರಿಗೆ ಕೂಡ ದಿನಕ್ಕೆ 4 ಗ್ರಾಂ ಮೀರಬಾರದು, ಮೀರಿದರೆ ಯಕೃತ್ತಿಗೆ ಹಾನಿ. ಇಂಥ ಕಡೆ "ಈಗಾಗಲೇ ಏನು ತೊಗೊಳ್ತಿದ್ದಾರೆ?" ಎಂದು ಕೇಳುವ ಫಾರ್ಮಸಿಸ್ಟ್ ಒಬ್ಬ ರಕ್ಷಕ. ಅವರು ಕೇಳಲು ಮರೆತರೆ ನೀವೇ ಹೇಳಿ.

ಇನ್ನು ಕೆಂಪು ಗೆರೆಯ ವಿಷಯಕ್ಕೆ ಬರೋಣ. ಕೆಲವು ಮಾತ್ರೆಗಳ ಪಟ್ಟಿಯ ಮೇಲೆ ಉದ್ದಕ್ಕೆ ಒಂದು ಕೆಂಪು ಗೆರೆ ಇರುವುದನ್ನು ನೀವು ನೋಡಿರಬಹುದು. ವೈದ್ಯರ ಚೀಟಿ ಇಲ್ಲದೆ ಕೊಳ್ಳಬಾರದು ಎಂಬುದು ಅದರ ಅರ್ಥ. ಇದನ್ನು ಜನರಿಗೆ ತಿಳಿಸಲು ಕೇಂದ್ರ ಸರ್ಕಾರ 2016ರಲ್ಲಿ ಪ್ರಚಾರ ಕಾರ್ಯಕ್ರಮವನ್ನೇ ಕೈಗೊಂಡಿತು. ಅದಕ್ಕೂ ಮೊದಲು, 2014ರ ಮಾರ್ಚ್ 1ರಿಂದ, ಎಚ್1 ಅನುಸೂಚಿ ಜಾರಿಗೆ ಬಂದಿತ್ತು. ಆರಂಭದಲ್ಲಿ 46 ಔಷಧಿಗಳಿದ್ದ ಈ ಪಟ್ಟಿಯಲ್ಲಿ ಪ್ರಬಲವಾದ ಜೀವಿರೋಧಕಗಳು, ಅಂದರೆ ಆಂಟಿಬಯೊಟಿಕ್‌ಗಳು, ಕ್ಷಯದ ಔಷಧಿಗಳು ಸೇರಿದ್ದವು. ಇಂಥ ಔಷಧಿ ಮಾರಿದಾಗ ವೈದ್ಯರ ಹೆಸರು, ರೋಗಿಯ ಹೆಸರು, ಔಷಧಿಯ ಹೆಸರು, ಪ್ರಮಾಣ ಎಲ್ಲವನ್ನೂ ಅಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟಿರಬೇಕು.

ಇಷ್ಟು ಬಿಗಿ ಏಕೆಂದು ವಿಜ್ಞಾನದ ವಿದ್ಯಾರ್ಥಿಗಳು ಸುಲಭವಾಗಿ ಊಹಿಸಬಲ್ಲರು. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಪಾರಿತೋಷಕ ಸ್ವೀಕರಿಸಿ ಮಾಡಿದ ಭಾಷಣದಲ್ಲಿಯೇ ಎಚ್ಚರಿಕೆ ಕೊಟ್ಟಿದ್ದರು. ಸಾಕಷ್ಟು ಪ್ರಮಾಣದಲ್ಲಿ ತೆಗೆದುಕೊಳ್ಳದಿದ್ದರೆ ರೋಗಾಣುಗಳು ಸಾಯುವುದಿಲ್ಲ, ಔಷಧಿಯನ್ನು ತಡೆದುಕೊಳ್ಳುವುದನ್ನು ಕಲಿಯುತ್ತವೆ ಎಂದು. ಐದು ದಿನದ ಮಾತ್ರೆಯನ್ನು ಎರಡು ದಿನ ನುಂಗಿ ಜ್ವರ ಬಿಟ್ಟಿತೆಂದು ನಿಲ್ಲಿಸುವುದು, ಉಳಿದ ಮೂರನ್ನು ತಮ್ಮನಿಗೆ ಕೆಮ್ಮು ಬಂದಾಗ ಕೊಡುವುದು, ಹೋದ ವರ್ಷದ ಖಾಲಿ ಪಟ್ಟಿ ತೋರಿಸಿ "ಇದೇ ಕೊಡಿ" ಎನ್ನುವುದು, ಇವೆಲ್ಲ ರೋಗಾಣುಗಳಿಗೆ ನಾವೇ ಪಾಠ ಹೇಳಿಕೊಟ್ಟಂತೆ. ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ಬಿಡಬೇಕು. ಚೀಟಿ ಕೇಳುವ ಅಂಗಡಿಯವರನ್ನು ನಾವು "ತಲೆಹರಟೆ" ಎನ್ನುತ್ತೇವೆ, ಕೇಳಿದ್ದನ್ನು ಕೇಳಿದ ಕೂಡಲೇ ಕೊಡುವವರನ್ನು "ಒಳ್ಳೆಯವರು" ಎನ್ನುತ್ತೇವೆ. ನಿಜ ಸ್ಥಿತಿ ತದ್ವಿರುದ್ಧ. "ಚೀಟಿ ಇಲ್ಲದೆ ಇದನ್ನು ಕೊಡಲ್ಲಮ್ಮ" ಎಂದು ಹೇಳಿ ವ್ಯಾಪಾರ ಬಿಟ್ಟುಕೊಡುವ ಅಂಗಡಿಯೇ ನಿಮ್ಮ ಊರಿನ ಉತ್ತಮ ಅಂಗಡಿ.

ಈಗ ಬೆಲೆಯ ಲೆಕ್ಕ. ಪಟ್ಟಿಯ ಮೇಲೆ ಮುದ್ರಿಸಿದ ಗರಿಷ್ಠ ಮಾರಾಟ ಬೆಲೆಯಲ್ಲಿ ಎಲ್ಲ ತೆರಿಗೆಗಳೂ ಸೇರಿರುತ್ತವೆ. ಅದರ ಮೇಲೆ ಒಂದು ಪೈಸೆಯನ್ನೂ ಕೇಳುವಂತಿಲ್ಲ. ಅವಶ್ಯಕ ಔಷಧಿಗಳ ಬೆಲೆಗೆ ಮಿತಿ ಹಾಕಲು 1997ರಲ್ಲಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ಸ್ಥಾಪನೆಯಾಯಿತು. 2013ರ ಬೆಲೆ ನಿಯಂತ್ರಣ ಆದೇಶದಲ್ಲಿ ಗ್ರಾಹಕರು ತಿಳಿಯಬೇಕಾದ ಮೂರು ಮಾತುಗಳಿವೆ. ಅಂಗಡಿಯವರು ಬೆಲೆಪಟ್ಟಿಯನ್ನು ಗ್ರಾಹಕರಿಗೆ ಕಾಣುವಂತೆ ಇಟ್ಟಿರಬೇಕು. ತಮ್ಮಲ್ಲಿರುವ ಔಷಧಿಯನ್ನು ಕೊಳ್ಳಲು ಬಂದವರಿಗೆ ಇಲ್ಲವೆನ್ನಬಾರದು. ಬಿಡಿಯಾಗಿ ಮಾರಿದರೆ ಬೆಲೆಯೂ ಅದೇ ಪ್ರಮಾಣದಲ್ಲಿರಬೇಕು. ಅಂದರೆ ಹತ್ತು ಮಾತ್ರೆಗೆ 30 ರೂಪಾಯಿ ಎಂದಿದ್ದರೆ ನಾಲ್ಕು ಮಾತ್ರೆಗೆ 12 ರೂಪಾಯಿ. ಹದಿನೈದು ಕೇಳುವಂತಿಲ್ಲ. 2025ರ ಸೆಪ್ಟೆಂಬರ್ 22ರಿಂದ ಬಹುತೇಕ ಔಷಧಿಗಳ ಮೇಲಿನ ಜಿ.ಎಸ್.ಟಿ. ಶೇಕಡಾ 12ರಿಂದ 5ಕ್ಕೆ ಇಳಿಯಿತು.

ಬಿಡಿ ಮಾತ್ರೆ ಕೊಳ್ಳುವಾಗ ಒಂದು ಎಚ್ಚರ. ತಯಾರಿಕೆಯ ತಂಡದ ಸಂಖ್ಯೆ, ಅಂದರೆ ಬ್ಯಾಚ್ ನಂಬರು, ಮತ್ತು ಅವಧಿ ಮುಗಿಯುವ ತಿಂಗಳು ಸಾಮಾನ್ಯವಾಗಿ ಪಟ್ಟಿಯ ಒಂದು ತುದಿಯಲ್ಲಿ ಮಾತ್ರ ಇರುತ್ತವೆ. ಕತ್ತರಿ ಹಾಕಿದಾಗ ನಿಮ್ಮ ಪಾಲಿಗೆ ಬಂದ ತುಂಡಿನಲ್ಲಿ ಅದು ಇಲ್ಲದಿರಬಹುದು. ಆಗ ಪಟ್ಟಿಯನ್ನು ಕೇಳಿ ನೋಡಿ, ಅವೆರಡೂ ಬಿಲ್ಲಿನಲ್ಲಿ ನಮೂದಾಗಿವೆಯೇ ಎಂದು ತಾಳೆ ಹಾಕಿ. ಪಟ್ಟಿಯಲ್ಲಿ ತಿಂಗಳು ಮಾತ್ರ ಇದ್ದರೆ ಆ ತಿಂಗಳ ಕೊನೆಯ ದಿನದವರೆಗೆ ಔಷಧಿಯನ್ನು ಬಳಸಬಹುದು. ಇನ್ಸುಲಿನ್ ಕೊಳ್ಳುವವರು ಅದನ್ನು ಶೀತಕಪೆಟ್ಟಿಗೆಯಿಂದಲೇ ತೆಗೆದುಕೊಟ್ಟರೇ ಎಂದು ನೋಡಬೇಕು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರಬೇಕು. ಬೇಸಿಗೆಯ ಬಿಸಿಲಿನಲ್ಲಿ ಅದನ್ನು ಸೈಕಲ್ಲಿನ ಬುಟ್ಟಿಯಲ್ಲಿಟ್ಟು ಊರು ಸುತ್ತಿ ಮನೆಗೆ ಹೋದರೆ ಅಂಗಡಿಯವರ ಎಚ್ಚರಿಕೆ ವ್ಯರ್ಥ.

ಬಿಲ್ಲಿನ ಮಹತ್ವವನ್ನು ಎಷ್ಟು ಹೇಳಿದರೂ ಕಡಿಮೆ. "ಬಿಲ್ಲು ಬೇಡ ಬಿಡಿ" ಎನ್ನುವವರು ತಮ್ಮ ಸಾಕ್ಷಿಯನ್ನೇ ಅಂಗಡಿಯಲ್ಲಿ ಬಿಟ್ಟುಬರುತ್ತಾರೆ. ಗುಣಮಟ್ಟವಿಲ್ಲದ್ದೆಂದು ಪರೀಕ್ಷೆಯಲ್ಲಿ ಕಂಡುಬಂದ ಔಷಧಿಗಳ ಪಟ್ಟಿಯನ್ನು ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಪ್ರತಿ ತಿಂಗಳೂ ಬ್ಯಾಚ್ ನಂಬರಿನ ಸಹಿತ ಪ್ರಕಟಿಸುತ್ತದೆ. ನಿಮ್ಮ ಮನೆಯ ಡಬ್ಬಿಯಲ್ಲಿರುವುದು ಅದೇ ತಂಡದ ಔಷಧಿಯೇ ಎಂದು ತಿಳಿಸುವುದು ಪಟ್ಟಿ ಅಥವಾ ಬಿಲ್ಲು ಮಾತ್ರ. 2023ರ ಆಗಸ್ಟ್ 1ರ ಅನಂತರ ತಯಾರಾದ, ಹೆಚ್ಚು ಮಾರಾಟವಾಗುವ 300 ಹೆಸರುಗಳ ಔಷಧಿಗಳ ಮೇಲೆ ಕ್ಯೂಆರ್ ಚಿಹ್ನೆ ಕಡ್ಡಾಯವಾಗಿದೆ. ಫೋನಿನಲ್ಲಿ ಅದನ್ನು ತೋರಿಸಿದರೆ ತಯಾರಕರ ಹೆಸರು, ಬ್ಯಾಚ್ ನಂಬರು, ಅವಧಿ ಎಲ್ಲ ಕಾಣುತ್ತದೆ. ಈ ಕೆಲಸವನ್ನು ಮನೆಯಲ್ಲಿ ನಿಮಗಿಂತ ಚುರುಕಾಗಿ ಮಾಡಬಲ್ಲವರು ಯಾರಿದ್ದಾರೆ?

ಸರಣಿ ಅಂಗಡಿಗಳಲ್ಲಿ ಆಗುವ ಇನ್ನೊಂದು ಅನುಭವವನ್ನೂ ಹೇಳಬೇಕು. ಬಿಲ್ಲು ಹಾಕುವ ಮೊದಲು "ಫೋನ್ ನಂಬರ್ ಹೇಳಿ" ಎನ್ನುತ್ತಾರೆ. ಹಿಂದೆ ಸರದಿಯಲ್ಲಿ ನಿಂತವರೆಲ್ಲ ಕೇಳುವಂತೆ ನಾವು ಹೇಳಿಬಿಡುತ್ತೇವೆ. ಮೊಬೈಲ್ ಸಂಖ್ಯೆ ಕೊಡಲೇಬೇಕೆಂದು ಗ್ರಾಹಕರನ್ನು ಒತ್ತಾಯಿಸಬಾರದೆಂದು 2023ರ ಮೇ ತಿಂಗಳಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ವ್ಯಾಪಾರಿಗಳಿಗೆ ಸೂಚಿಸಿದೆ. ಯಾರ ಮನೆಯಲ್ಲಿ ಯಾವ ಕಾಯಿಲೆಯಿದೆ ಎಂಬುದು ಗುಟ್ಟಿನ ವಿಷಯ. ರಿಯಾಯಿತಿಗಾಗಿ ಸಂಖ್ಯೆ ಕೊಡುವುದೂ ಬಿಡುವುದೂ ನಿಮ್ಮ ಇಷ್ಟ. ಹಾಗೆಯೇ ಚಿಲ್ಲರೆಯ ಬದಲು ಕೆಮ್ಮಿನ ಪೆಪ್ಪರ್‌ಮಿಂಟೋ ಗಾಯದ ಪಟ್ಟಿಯೋ ಕೊಟ್ಟರೆ ಬೇಡವೆನ್ನಬಹುದು. ಕೌಂಟರಿನ ಬಳಿ ತೋರಿಸುವ ಟಾನಿಕ್ಕು, ಶಕ್ತಿಪುಡಿಗಳಿಗೂ ಇದೇ ಮಾತು. ಚೀಟಿಯಲ್ಲಿ ಇಲ್ಲದ್ದನ್ನು ಕೊಳ್ಳಬೇಕೆಂಬ ಕಟ್ಟಳೆಯಿಲ್ಲ.

ಇಷ್ಟಾದ ಮೇಲೂ ಅನ್ಯಾಯವಾದರೆ? ಮೊದಲು ಅಂಗಡಿಯವರಲ್ಲಿಯೇ ಶಾಂತವಾಗಿ ಹೇಳಿ. ಎಷ್ಟೋ ತಪ್ಪುಗಳು ಅಲ್ಲಿಯೇ ಸರಿಹೋಗುತ್ತವೆ. ಔಷಧಿಯ ಗುಣಮಟ್ಟದ ಶಂಕೆಯಿದ್ದರೆ ಉಳಿದ ಮಾತ್ರೆಗಳನ್ನು ಎಸೆಯದೆ, ಬಿಲ್ಲಿನ ಸಹಿತ ನಿಮ್ಮ ಜಿಲ್ಲೆಯ ಔಷಧ ಪರಿವೀಕ್ಷಕರಿಗೆ ದೂರು ಕೊಡಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ನಮ್ಮ ದೇಶದ ಮೊದಲ ಗ್ರಾಹಕ ಸಂರಕ್ಷಣಾ ಕಾಯಿದೆಗೆ 1986ರ ಡಿಸೆಂಬರ್ 24ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಿತು. ಅದಕ್ಕಾಗಿಯೇ ಆ ದಿನವನ್ನು ರಾಷ್ಟ್ರೀಯ ಗ್ರಾಹಕರ ದಿನವೆಂದು ಆಚರಿಸುತ್ತೇವೆ. ಅದರ ಸ್ಥಾನದಲ್ಲಿ 2019ರ ಹೊಸ ಕಾಯಿದೆ 2020ರ ಜುಲೈಯಲ್ಲಿ ಜಾರಿಗೆ ಬಂದಿತು. ಕೊಂಡ ವಸ್ತುವಿಗೆ ಬಿಲ್ಲು ಕೊಡದಿರುವುದು, ದೋಷವಿರುವ ಸರಕನ್ನು ಹಿಂದಕ್ಕೆ ಪಡೆಯಲು ಒಪ್ಪದಿರುವುದು ಇವೆರಡೂ ಹೊಸ ಕಾಯಿದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿಗಳು. ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ಎರಡು ವರ್ಷಗಳೊಳಗೆ ದೂರು ಸಲ್ಲಿಸಬಹುದು. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ವಕೀಲರನ್ನು ಇಡಲೇಬೇಕೆಂದಿಲ್ಲ. ಇನ್ನೂ ಹದಿನೆಂಟು ತುಂಬದವರ ಪರವಾಗಿ ತಂದೆತಾಯಿ ಅಥವಾ ಪೋಷಕರು ದೂರು ಕೊಡಬಹುದು. ಇನ್ನೊಂದು ಸೊಗಸಾದ ಅಂಶವಿದೆ. ಹಣ ಕೊಟ್ಟು ಕೊಂಡವರಷ್ಟೇ ಅಲ್ಲ, ಅವರ ಒಪ್ಪಿಗೆಯಿಂದ ಆ ವಸ್ತುವನ್ನು ಬಳಸುವವರೂ ಗ್ರಾಹಕರೇ. ಅಂಗಡಿಯ ಮೆಟ್ಟಿಲು ಹತ್ತದ ಅಜ್ಜಿಯೂ ಕಾನೂನಿನ ಕಣ್ಣಿನಲ್ಲಿ ಗ್ರಾಹಕಿ.

ಹಕ್ಕುಗಳ ಮಾತಾಡುವಾಗ ಕೌಂಟರಿನ ಆಚೆಯವರ ಕಷ್ಟವನ್ನು ಮರೆಯಬಾರದು. 2020ರಲ್ಲಿ ಕೋವಿಡ್ ಹಾವಳಿಯಿಂದ ಊರಿಗೆ ಊರೇ ಬಾಗಿಲು ಮುಚ್ಚಿದಾಗ ಔಷಧಿ ಅಂಗಡಿಗಳ ಬಾಗಿಲು ತೆರೆದಿತ್ತು. ಸೋಂಕಿನ ಭಯದಲ್ಲಿಯೇ ನಿಂತು ಅವರು ಔಷಧಿ ಕೊಟ್ಟರು. ಸಂಜೆಯ ಹೊತ್ತು ಇಪ್ಪತ್ತು ಜನ ಮುತ್ತಿಕೊಂಡು ಚೀಟಿ ಚಾಚಿ "ಬೇಗ, ಬೇಗ" ಎಂದರೆ ಯಾರಿಗೂ ತಪ್ಪಾದೀತು. ಸರದಿಯಲ್ಲಿ ನಿಲ್ಲುವುದು, ಚೀಟಿಯನ್ನು ಪೂರ್ತಿ ತೋರಿಸುವುದು, ಅವರು ಓದುವಾಗ ಅವಸರಿಸದಿರುವುದು ಗ್ರಾಹಕನ ಕರ್ತವ್ಯ. ಒಳ್ಳೆಯ ಪ್ರಶ್ನೆಯನ್ನು ಒಳ್ಳೆಯ ಮಾತಿನಲ್ಲಿ ಕೇಳಿದರೆ ಒಳ್ಳೆಯ ಫಾರ್ಮಸಿಸ್ಟರಿಗೆ ಸಂತೋಷವೇ ಆಗುತ್ತದೆ. ವರ್ಷಗಟ್ಟಲೆ ಓದಿ ಕಲಿತ ವಿದ್ಯೆಯನ್ನು ಕೇಳುವವರು ಒಬ್ಬರಾದರೂ ಬಂದರಲ್ಲ ಎಂದು.

ಮಿತ್ರರೇ, ಒಂದು ಸಣ್ಣ ಕೆಲಸ ಕೊಟ್ಟು ಮಾತು ಮುಗಿಸುತ್ತೇನೆ. ಈ ಭಾನುವಾರ ಮನೆಯ ಔಷಧಿ ಡಬ್ಬಿಯನ್ನು ಹಿರಿಯರೊಂದಿಗೆ ಕುಳಿತು ತೆರೆಯಿರಿ. ಅವಧಿ ಮುಗಿದವನ್ನು ಬೇರ್ಪಡಿಸಿ. ಕೆಂಪು ಗೆರೆಯವು ಎಷ್ಟಿವೆ, ಅರ್ಧಕ್ಕೆ ನಿಲ್ಲಿಸಿದವು ಯಾವುವು, ಒಂದೇ ದ್ರವ್ಯ ಎರಡು ಹೆಸರಿನಲ್ಲಿ ಇದೆಯೇ, ನೋಡಿ. ದಿನವೂ ನುಂಗುವ ಮಾತ್ರೆಗಳ ಮೂಲ ಹೆಸರು, ಪ್ರಮಾಣ, ಹೊತ್ತು ಇವನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿ. ಅದರ ಪ್ರತಿಯೊಂದನ್ನು ಮುಂದಿನ ಬಾರಿ ವೈದ್ಯರಲ್ಲಿಗೂ ಅಂಗಡಿಗೂ ಒಯ್ಯಿರಿ. ಹಿಂದಿನ ಕಾಂಪೌಂಡರ್ ಸೀಸೆಗೆ ಅಂಟಿಸುತ್ತಿದ್ದ ಕಾಗದದ ಗೆರೆಯ ಕೆಲಸವನ್ನು ಈ ಹಾಳೆ ಮಾಡುತ್ತದೆ. ಬರೆಯುವವರು ಮಾತ್ರ ಈಗ ನೀವು.